ಎದೆಹಾಲಿನ ಮೇಲಿನ ದೂರನ್ನು ಜಪಾನಿಗೆ ಒಯ್ದದ್ದು

ಹುಣಸೂರು

ಮನುಷ್ಯನು ಸಮುದ್ರ ದಾಟಿ ಪರದೇಶಕ್ಕೆ ಹೋಗುವುದು ವಿದ್ಯೆಗಾಗಿ, ವ್ಯಾಪಾರಕ್ಕಾಗಿ, ಇಲ್ಲವೇ ಆತ್ಮದ ಉನ್ನತಿಗಾಗಿ. ನಾನು ಹೋದದ್ದು ಮಕ್ಕಳ ಭೇದಿಗಾಗಿ.

ಹುಣಸೂರಿನಲ್ಲಿ ಮಕ್ಕಳ ವೈದ್ಯನಾಗಿ ತಲೆ ನರೆಸಿಕೊಂಡವನು ನಾನು. ಆಯುಷ್ಯದ ಬಹುಪಾಲು ಇನ್ನೊಬ್ಬರ ಮಕ್ಕಳ ಮಲವನ್ನು ಗಂಭೀರವಾಗಿ ನೋಡಿ ‘ಪರವಾಗಿಲ್ಲ’ ಎನ್ನುವುದರಲ್ಲಿ ಕಳೆದಿದೆ. ಇಂಥವನಿಗೆ ವಿದೇಶದಿಂದ ಕರೆ ಬರುವ ಸಂಭವ ಕಡಿಮೆ. ಆದರೆ ಮೈಸೂರಿನ ಪ್ರಯೋಗಾಲಯವೊಂದಕ್ಕೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಎಳೆಯ ಮಕ್ಕಳಿಗೆ ಭೇದಿ ತರುವ ರೋಟಾ ವೈರಸ್ಸಿನಲ್ಲಿ ಎಷ್ಟು ಬಗೆ ಇದೆ ನೋಡಬೇಕೆಂದು ಮನಸ್ಸಾಯಿತು. ಮಾದರಿ ಕೂಡಿಸುವ ಗೌರವ ನಮ್ಮಂಥ ತಾಲ್ಲೂಕು ವೈದ್ಯರ ಪಾಲಿಗೆ ಬಂತು.

ನಾವು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಒಂದು ಚಮಚದಷ್ಟು ಸಾಕು ಎಂದು ಹೇಳಿ ಕಳಿಸುತ್ತಿದ್ದೆವು. ಡಾಕ್ಟರಿಗೆ ಇಂಥದ್ದನ್ನು ಬರಿಗೈಯಲ್ಲಿ ಕೊಡುವುದು ಹೇಗೆ ಎಂಬ ಸಂಕೋಚ ನಮ್ಮ ಜನಕ್ಕೆ. ಪಿರಿಯಾಪಟ್ಟಣದ ಕಡೆಯ ಅಜ್ಜಿಯೊಬ್ಬರು ಡಬ್ಬಿಯನ್ನು ಮದುವೆಯ ತಾಂಬೂಲದ ಚೀಲದಲ್ಲಿ ಹಾಕಿ, ಎರಡೂ ಕೈಯಲ್ಲಿ ನೀಡಿದರು. ಚೀಲದ ಮೇಲೆ ವಧೂವರರ ಹೆಸರು, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಅಚ್ಚಾಗಿತ್ತು.

ಮೈಸೂರಿನವರಿಗೆ ಬಹಳಷ್ಟು ವೈರಸ್ಸುಗಳ ಗುರುತು ಹತ್ತಿತು. ಕೆಲವು ಮಾತ್ರ ಯಾವ ಗುಂಪಿಗೂ ಸರಿಯಾಗಿ ಸೇರಲಿಲ್ಲ. ಅವು ಬೇಕಾದ ಅನುಮತಿಗಳನ್ನೆಲ್ಲ ಪಡೆದು, ಐಸಿನಲ್ಲಿ ಮಲಗಿ, ನನಗಿಂತ ಮೊದಲೇ ನನಗಿಂತ ಹೆಚ್ಚಿನ ಮರ್ಯಾದೆಯಲ್ಲಿ ಜಪಾನಿಗೆ ಹೋದವು. ಅಲ್ಲಿಯ ವಿಜ್ಞಾನಿಗಳು ಅವುಗಳ ವಂಶವಾಹಿಯನ್ನು ಪೂರ್ತಿ ಓದಿ, ಮಕ್ಕಳನ್ನು ಕಣ್ಣಾರೆ ಕಂಡ ಒಬ್ಬರು ಬಂದರೆ ಒಳ್ಳೆಯದೆಂದು ಹೇಳಿ ಕಳಿಸಿದರು.

ಆ ಕೆಲವುಗಳಲ್ಲಿ ಒಂದು ಕಟ್ಟೆಮಳಲವಾಡಿಯ ಚಂದನಳದು. ಇನ್ನೂ ವರ್ಷ ತುಂಬದ ಕೂಸು. ಲಸಿಕೆಯ ಹನಿಗಳನ್ನೆಲ್ಲ ಹಾಕಿಸಿದ್ದರು. ಆ ಹನಿ ಬಹಳ ಮಕ್ಕಳನ್ನು ಉಳಿಸುತ್ತದೆ, ಎಲ್ಲರನ್ನೂ ಅಲ್ಲ. ನನ್ನ ಬಳಿ ತರುವ ಹೊತ್ತಿಗೆ ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದಲ್ಲೇ ನಿಲ್ಲುತ್ತಿತ್ತು. ಮೈಸೂರಿನ ಆಸ್ಪತ್ರೆಗೆ ಕಳಿಸಿದೆ. ಮುಟ್ಟುವ ಮೊದಲೇ ಕೂಸು ಹೋಯಿತು.

ನಾನು ಹೊರಡುವ ಹಿಂದಿನ ವಾರ ಆ ಕೂಸಿನ ಅಜ್ಜಿ ಚಿಕ್ಕತಾಯಮ್ಮ, ಸೊಸೆ ಭಾಗ್ಯಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ಭಾಗ್ಯಳಿಗೆ ಮತ್ತೆ ದಿನ ತುಂಬುತ್ತಾ ಬಂದಿತ್ತು. ಅತ್ತೆ ಕುರ್ಚಿಯಲ್ಲಿ ಕೂತರು, ಸೊಸೆ ಗೋಡೆಗೆ ಒರಗಿ ನಿಂತಳು. ನಾನು ಇನ್ನೊಂದು ಕುರ್ಚಿ ತೋರಿಸಿದ ಮೇಲೆ ಅತ್ತೆಯ ಮುಖ ನೋಡಿ ಕೂತಳು.

“ಡಾಕ್ಟ್ರೇ, ಈ ಸಲ ಕೂಸ್ಗೆ ಇವಳ ಆಲು ಕುಡಿಸಾಕಿಲ್ಲ ಅಂತ ತೀರ್ಮಾನ ಮಾಡಿವ್ನಿ” ಎಂದರು ಚಿಕ್ಕತಾಯಮ್ಮ. “ಇವಳ ಆಲು ಸರಿಯಿಲ್ಲ.”

“ಯಾರು ಹೇಳಿದ್ದು?”

“ಯಾರು ಯೋಳ್ಬೇಕು? ಆಲು ಕುಡೀತಿದ್ ಕೂಸು ಓಯ್ತಲ್ಲ.”

“ರಾಗಿ ಸರೀನೂ ತಿಂತಿತ್ತು ಅತ್ತೆ” ಎಂದಳು ಭಾಗ್ಯ, ನೆಲ ನೋಡುತ್ತ.

“ರಾಗಿ ಸರಿ ತಿಂದು ಯಾರಾದ್ರೂ ಸತ್ತವ್ರಾ? ನಾನೂ ಮಕ್ಕಳ ಸಾಕ್ದೋಳೆ ಕಣವ್ವ.”

ಅದೊಂದು ವೈರಸ್, ಕಣ್ಣಿಗೆ ಕಾಣದ ಕ್ರಿಮಿ, ಎದೆಹಾಲಿನದು ತಪ್ಪಿಲ್ಲ, ಎದೆಹಾಲೇ ಮಗುವಿಗೆ ಕಾವಲು ಎಂದು ನಾನು ಹೇಳಿದೆ. ಇದನ್ನು ಮೊದಲೂ ಹೇಳಿದ್ದೆ. ಚಿಕ್ಕತಾಯಮ್ಮ ತಲೆಯಾಡಿಸಿದರು. ಅವರು ತಲೆಯಾಡಿಸಿದರೆ ಒಪ್ಪಿಲ್ಲವೆಂದು ಅರ್ಥ.

“ಆಯ್ತು, ಕ್ರಿಮೀನೇ. ಅದು ಎಲ್ಲಿಂದ ಬಂತು? ಇವಳ ಎದೇಲಿ ಇರ್ನಿಲ್ಲ ಅಂತ ನೀವ್ ನೋಡಿದ್ರಾ?”

“ಅದನ್ನೇ ಜಪಾನಿನಲ್ಲಿ ನೋಡುತ್ತಿದ್ದಾರೆ. ಮುಂದಿನ ವಾರ ಅಲ್ಲಿಗೇ ಹೋಗುತ್ತಿದ್ದೇನೆ.”

“ಸರಿ ಬುಡಿ. ಕೇಳ್ಕ ಬನ್ನಿ. ಅವರು ಆಲಲ್ಲ ಅಂದ್ರೆ ನಾನು ಬಾಯಿ ಮುಚ್ಕತೀನಿ. ಅಲ್ಲೀಗಂಟ ಒಳಲೆ ತೊಳೆದು ಇಟ್ಟಿವ್ನಿ.”

ಒಳಲೆ ಎಂದರೆ ಕೂಸಿಗೆ ಹಸುವಿನ ಹಾಲು ಕುಡಿಸುವ, ಒಂದು ಕಡೆ ಮೂತಿಯಿರುವ ಪುಟ್ಟ ಬೆಳ್ಳಿ ಪಾತ್ರೆ. ಹುಟ್ಟಿದ ದಿನದಿಂದಲೇ ಅದರಲ್ಲಿ ಕುಡಿಸಿದರೆ ಆ ಮಗುವಿನ ಗತಿ ಏನಾಗಬಹುದೆಂದು ನನಗೆ ಗೊತ್ತಿತ್ತು. ಭಾಗ್ಯಳಿಗೂ ಗೊತ್ತಿತ್ತೆಂದು ಕಾಣುತ್ತದೆ. ಬಾಗಿಲ ಬಳಿ ಹಿಂದೆ ಉಳಿದು, “ಬೇಗ ಬಂದ್ಬುಡಿ ಸಾರ್” ಎಂದಳು.

ಚಿಕ್ಕತಾಯಮ್ಮ ಮೆಟ್ಟಿಲಿಳಿಯುತ್ತ ಇನ್ನೊಂದು ಮಾತು ಹೇಳಿದರು. “ಕೂಸು ಓದ ವಾರ ನಮ್ಮ ಅಸೀನ ಕರಕ್ಕೂ ಅಂಗೇ ಬೇದಿ ಆಗಿತ್ತು ಕಣ್ ಡಾಕ್ಟ್ರೇ. ನಾನೇ ನಿದ್ದೆಗೆಟ್ಟು ನೋಡ್ಕಂಡೆ. ಉಪ್ಪು ಬೆಲ್ಲದ ನೀರು ಗೊಟ್ಟದಾಗೆ ಉಯ್ದೆ. ಕರ ಬದುಕ್ತು. ಕೂಸು ಓಯ್ತು. ಅದ್ಯಾವ ನ್ಯಾಯವೋ.”

ಗೊಟ್ಟವೆಂದರೆ ದನಗಳ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ. ನಾನು ಬೈಲಕುಪ್ಪೆಗೆ ಹೋಗಿ, ಟಿಬೆಟಿನವರ ಅಂಗಡಿಯಲ್ಲಿ ಒಂದು ದಪ್ಪ ಸ್ವೆಟರ್ ಕೊಂಡು, ವಿಮಾನ ಹತ್ತಿದೆ.

ಟೋಕಿಯೊ

ವಿಮಾನ ನಿಲ್ದಾಣದ ಅಧಿಕಾರಿ, ಬಂದ ಉದ್ದೇಶವೇನೆಂದು ಕೇಳಿದ. ಎಳೆಯ ಮಕ್ಕಳ ಭೇದಿ ಎಂದು ಸತ್ಯವನ್ನೇ ಹೇಳಿದೆ. ಆತ ನನ್ನನ್ನು ನೋಡಿದ, ಪಾಸ್‌ಪೋರ್ಟನ್ನು ನೋಡಿದ, ಅದನ್ನು ಹಿಡಿದ ತನ್ನ ಬೆರಳುಗಳನ್ನೂ ಒಮ್ಮೆ ನೋಡಿಕೊಂಡ. ಬಳಿಕ ಬಗ್ಗಿ ನಮಸ್ಕರಿಸಿ ಒಳಗೆ ಬಿಟ್ಟ. ನಮ್ಮ ಕಸುಬಿಗೆ ಇಷ್ಟು ಬೇಗ ದಾರಿ ಬಿಟ್ಟವರು ಊರಿನಲ್ಲಿಯೂ ಇಲ್ಲ.

ಅಲ್ಲಿಂದ ಉತ್ತರಕ್ಕೆ ಮೊರಿಯೋಕ ಎಂಬ ಊರಿಗೆ ರೈಲು. ಒಳಗೆ ಅಷ್ಟೊಂದು ಜನ, ಒಂದು ಮಾತಿಲ್ಲ. ಮೈಸೂರಿನಿಂದ ಹುಣಸೂರಿಗೆ ಬರುವ ಬಸ್ಸಿನಲ್ಲಿ ಬಿಳಿಕೆರೆ ಬರುವಷ್ಟರಲ್ಲಿ ಪಕ್ಕದವರ ಜಮೀನು, ಸಕ್ಕರೆ ಕಾಯಿಲೆ, ಮಗಳ ಮದುವೆ ನಿಂತುಹೋದ ಕಾರಣ ಎಲ್ಲ ತಿಳಿದಿರುತ್ತದೆ. ಇಲ್ಲಿ ನನ್ನ ಪಕ್ಕ ಕೂತ ಮಹನೀಯನ ಬಗ್ಗೆ ಕೊನೆಯವರೆಗೂ ನನಗೆ ತಿಳಿದದ್ದು ಅವನು ಮೀನು ತಿನ್ನುತ್ತಾನೆ ಎಂಬುದಷ್ಟೇ. ನಾನು ಕೆಮ್ಮಿದೆ. ನನ್ನ ಕೆಮ್ಮು ನನಗೇ ಭಾಷಣದಂತೆ ಕೇಳಿಸಿತು. ಮುಂದಿನ ಕೆಮ್ಮನ್ನು ಮೊರಿಯೋಕದವರೆಗೆ ಹಿಡಿದಿಟ್ಟುಕೊಂಡೆ.

ಮೊರಿಯೋಕ: ಊಟ

ನಿಲ್ದಾಣದಲ್ಲಿ ಕಾಯುತ್ತಿದ್ದವರು ಕುಡೊ ಎಂಬ ವಿಜ್ಞಾನಿ. ನನ್ನದೇ ವಯಸ್ಸಿನ, ಕಿರಿದಾಗಿ ಕತ್ತರಿಸಿದ ಬಿಳಿ ಕೂದಲಿನ ಹೆಂಗಸು. ಇಂಗ್ಲಿಷನ್ನು ಒಂದೊಂದೇ ಪದ ತೊಳೆದು ಒರೆಸಿ ಇಡುವ ಹಾಗೆ ಮಾತಾಡುತ್ತಿದ್ದರು. ನಾನು ತಂದಿದ್ದ ಗಂಧದ ಸೋಪಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಕೊಟ್ಟೆ, ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ಆ ತಾಂಬೂಲದ ಚೀಲ ನೆನಪಾಯಿತು. ಅದನ್ನು ಅವರಿಗೆ ಹೇಳುವಷ್ಟು ಪರಿಚಯ ಇನ್ನೂ ಆಗಿರಲಿಲ್ಲ.

ರಾತ್ರಿಯ ಊಟಕ್ಕೆ ಊರಿನ ಹೆಸರಾಂತ ಶಾವಿಗೆಯ ಹೋಟೆಲಿಗೆ ಕರೆದೊಯ್ದರು. ಅಲ್ಲಿಯ ಪದ್ಧತಿ ಹೀಗೆ: ನಿಮ್ಮ ಕೈಯಲ್ಲಿ ಒಂದು ಬಟ್ಟಲು. ಪಕ್ಕದಲ್ಲಿ ನಿಂತ ಹೆಂಗಸು ಅದಕ್ಕೆ ಒಂದು ತುತ್ತು ಶಾವಿಗೆ ಹಾಕುತ್ತಾಳೆ. ನುಂಗಿದ ಕೂಡಲೇ ಇನ್ನೊಂದು ತುತ್ತು. ಬಡಿಸಿ ಖಾಲಿಯಾದ ಪುಟ್ಟ ಬಟ್ಟಲುಗಳನ್ನು ನಿಮ್ಮ ಮುಂದೆ ಗೋಪುರದಂತೆ ಪೇರಿಸುತ್ತಾರೆ. ಸಾಕಾದರೆ ಕೈಯಲ್ಲಿರುವ ಬಟ್ಟಲಿಗೆ ಮುಚ್ಚಳ ಹಾಕಬೇಕು. ಈ ಕೊನೆಯ ನಿಯಮವನ್ನು ಕುಡೊ ಹೇಳಿದ್ದರಂತೆ. ನಾನು ಆ ಹೊತ್ತಿಗೆ ಏಪ್ರನ್ನಿನ ದಾರ ಕಟ್ಟಿಕೊಳ್ಳುವುದರಲ್ಲಿದ್ದೆ.

ಸಾಕಾದಾಗ ನಾನು ನಮ್ಮ ಕಡೆಯ ಯಾರಾದರೂ ಮಾಡುವುದನ್ನೇ ಮಾಡಿದೆ. ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದೆ. ಮದುವೆ ಪಂಕ್ತಿಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಎದೆ ಮುಂದೆ ಮಾಡಿ ಬಗ್ಗಿದರೆ ಬಡಿಸುವವನು ಸೋತು ಮುಂದೆ ಹೋಗುತ್ತಾನೆ. ಈಕೆ ಹೋಗಲಿಲ್ಲ. ಮುಗುಳ್ನಗುತ್ತ ಕಾದಳು. ಕೈ ಎಷ್ಟು ಹೊತ್ತು ಹಿಡಿದಿರಲು ಸಾಧ್ಯ? ತೆಗೆದೆ. ಬಿತ್ತು ಶಾವಿಗೆ. ತಿಂದೆ. ಬಟ್ಟಲಲ್ಲಿ ಬಿಡುವುದು ನಮಗೆ ಬಾರದು. ಮತ್ತೆ ಕೈ ಅಡ್ಡ, ಮತ್ತೆ ಆ ಮುಗುಳ್ನಗೆ. ಮುಖ ಆಚೆ ತಿರುಗಿಸಿದೆ. ತಿರುಗಿದ ಕಡೆಗೇ ಬಂದು ಹಾಕಿದಳು. ಗೋಪುರ ನನ್ನ ಗಲ್ಲದ ಮಟ್ಟಕ್ಕೆ ಬಂದ ಮೇಲೆ ಕುಡೊ ಮೆಲ್ಲಗೆ, “ಡಾಕ್ಟರ್, ಮುಚ್ಚಳ” ಎಂದರು.

ನಗು ಬರಬೇಕಾದ ಹೊತ್ತು. ನನಗೆ ಬರಲಿಲ್ಲ. ಮುಖ ತಿರುಗಿಸಿದ ಕಡೆಗೇ ಬಂದ ಆ ಬಟ್ಟಲನ್ನು ಕಂಡಾಗ ಗೊಟ್ಟ ನೆನಪಾಗಿತ್ತು. ನೀರು ಬೇಡವೆಂದು ಚಂದನ ಮುಖ ತಿರುಗಿಸಿತೆಂದೂ, ‘ಕುಡಿಸಿದಷ್ಟೂ ಕೆಳಗೆ ಓಯ್ತದೆ’ ಎಂದು ಮನೆಯವರು ಕುಡಿಸುವುದನ್ನೇ ನಿಲ್ಲಿಸಿದರೆಂದೂ ಕೂಸನ್ನು ತಂದ ದಿನವೇ ಕೇಳಿ ತಿಳಿದಿದ್ದೆ. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಹೀಗೇ ಮಾಡುತ್ತಾರೆ. ಕೂಸು ಬೇಡವೆಂದರೆ ಬೇಡ, ಪಾಪ, ಹಿಂಸೆ ಕೊಡಬಾರದು. ಆದರೆ ಕರು ಬೇಡವೆಂದರೆ ಯಾರೂ ಕೇಳುವುದಿಲ್ಲ. ಒಂದೇ ಮನೆ, ಒಂದೇ ವಾರ, ಒಂದೇ ಅಜ್ಜಿ. ಕರುವಿಗೆ ಉಪ್ಪು ಬೆಲ್ಲದ ನೀರು ಹೋಯಿತು. ಕೂಸಿಗೆ ಹೋದದ್ದು ಬರೀ ಮರುಕ.

ಕುಡೊ ನನ್ನ ಮೌನವನ್ನು ಅಜೀರ್ಣವೆಂದು ತಿಳಿದು, ಗಮನ ಬೇರೆಡೆಗೆ ಸೆಳೆಯಲು ಪಾಠ ಶುರುಮಾಡಿದರು. ನನ್ನ ಗೋಪುರದಿಂದ ಹನ್ನೊಂದು ಬಟ್ಟಲು ತೆಗೆದು ಸಾಲಾಗಿಟ್ಟರು. “ರೋಟಾ ವೈರಸ್ಸಿನ ವಂಶವಾಹಿ ಒಂದೇ ಉದ್ದದ ದಾರವಲ್ಲ. ಹನ್ನೊಂದು ತುಂಡು. ಒಂದೇ ಹೊಟ್ಟೆಯೊಳಗೆ ಎರಡು ಬಗೆಯ ವೈರಸ್ ಸೇರಿದರೆ ತುಂಡುಗಳು ಅದಲುಬದಲಾಗುತ್ತವೆ.” ಸಾಲಿನಲ್ಲಿ ಮೂರು ಬಟ್ಟಲುಗಳನ್ನು ಬೋರಲು ಹಾಕಿದರು. “ನೆಟ್ಟಗಿರುವುದು ಮಕ್ಕಳ ವೈರಸ್ಸಿನದು. ಬೋರಲಾದದ್ದು ಬೇರೆ ಪ್ರಾಣಿಯದು. ನಿಮ್ಮ ಕೆಲವು ಮಾದರಿಗಳು ಹೀಗಿವೆ.”

“ಯಾವ ಪ್ರಾಣಿ?”

“ದನ.”

ಬಡಿಸುವ ಹೆಂಗಸು ಬಂದು ಬಟ್ಟಲುಗಳನ್ನೆಲ್ಲ ಒಟ್ಟಿಗೆ ಬಳಿದುಕೊಂಡು ಹೋದಳು.

ಮೊರಿಯೋಕ: ಪ್ರಯೋಗಾಲಯ

ಆ ದೇಶದಲ್ಲಿ ಒಳಗೆ ಹೋಗುವ ಮುನ್ನ ಚಪ್ಪಲಿ ಬಿಡುವುದು ನಮ್ಮ ಹಾಗೇ. ಆದರೆ ಅಲ್ಲಿ ಚಪ್ಪಲಿಗಳೆಲ್ಲ ಮೂತಿ ಹೊರಗೆ ಮಾಡಿ, ಕರೆದರೆ ಹೊರಟೇಬಿಡುತ್ತೇವೆ ಎಂಬಂತೆ ಸಾಲಾಗಿರುತ್ತವೆ. ನನ್ನವು ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಬಿದ್ದಿದ್ದವು. ಹೊರಬರುವಾಗ ಅವನ್ನೂ ಯಾರೋ ಸರಿಪಡಿಸಿದ್ದರು. ಯಾರೆಂದು ತಿಳಿಯಲೇ ಇಲ್ಲ.

ಕುಡೊ ಪರದೆಯ ಮೇಲೆ ಒಂದು ಮರ ತೋರಿಸಿದರು. ವೈರಸ್ಸುಗಳ ವಂಶವೃಕ್ಷ. ಹುಣಸೂರು ಮತ್ತು ಕೆ.ಆರ್. ನಗರದ ಬಹುತೇಕ ಮಕ್ಕಳದು ಒಂದೇ ಕೊಂಬೆ. ಪಿರಿಯಾಪಟ್ಟಣದ ಕೆಲವು ಅದರ ದಾಯಾದಿಗಳು. ಮರದ ಬೇರೆಯೇ ಬದಿಯಲ್ಲಿ, ಕರುಗಳ ವೈರಸ್ಸುಗಳ ಪಕ್ಕದಲ್ಲಿ, ಒಂದು ಎಳೆಯ ರೆಂಬೆ. ಅದರ ತುದಿಯಲ್ಲಿ ಎರಡು ಮಾದರಿ ಜೊತೆಯಾಗಿ ಕೂತಿದ್ದವು. ಒಂದು ಎಚ್.ಡಿ. ಕೋಟೆಯ ಕಡೆ, ಬೀಚನಹಳ್ಳಿಯ ಮಗುವಿನದು. ಆ ಮಗು ಬದುಕಿದೆ. ಅವರ ಮನೆಯಲ್ಲಿ ದನವಿಲ್ಲ, ಅಪ್ಪ ರೆಸಾರ್ಟಿನಲ್ಲಿ ಅಡುಗೆ ಕೆಲಸದವನು. ಇನ್ನೊಂದು ಚಂದನಳದು.

ನಾನು ಎದೆಹಾಲಿನ ಮೇಲಿನ ದೂರನ್ನು ವಿವರವಾಗಿ ಹೇಳಿದೆ. ಅತ್ತೆ, ಸೊಸೆ, ಒಳಲೆ, ಕರು, ಎಲ್ಲವನ್ನೂ. 

“ಹಾಲಲ್ಲ” ಎಂದರು ಕುಡೊ. “ಅದನ್ನು ನನ್ನ ಮಾತೆಂದೇ ಹೇಳಿ. ಆ ಅಜ್ಜಿಗೆ ಜಪಾನಿನ ಮಾತು ಬೇಕಲ್ಲವೇ?”

“ಆ ಕರುವಿನಿಂದಲೇ ಬಂತೆ?”

“ಅದನ್ನು ಹೇಳಲಾರೆ. ಆ ಕರುವಿನ ಮಾದರಿ ನಮ್ಮಲ್ಲಿಲ್ಲ. ಇಂಥ ಬೆರಕೆ ಬಹಳ ಹಿಂದೆಯೇ ಎಲ್ಲೋ ಆಗಿ, ಆಮೇಲೆ ಮಗುವಿನಿಂದ ಮಗುವಿಗೆ ದಾಟುತ್ತಿರಬಹುದು. ನಿಮ್ಮ ಇನ್ನೊಂದು ಮನೆಯಲ್ಲಿ ದನವೇ ಇಲ್ಲವಲ್ಲ. ನಾವು ವಂಶ ಹೇಳಬಲ್ಲೆವು, ವಿಳಾಸ ಹೇಳಲಾರೆವು.”

ಬಂದ ಕೆಲಸವೇನೋ ಆಗಿತ್ತು. ಆದರೆ ನಾನು ಒಯ್ಯಬೇಕಾಗಿದ್ದ ಉತ್ತರಕ್ಕೆ ಎರಡು ಅಲಗು. ಹಾಲಲ್ಲ ಎಂದೊಡನೆ ಚಿಕ್ಕತಾಯಮ್ಮ ಮತ್ತೇನು ಎನ್ನುತ್ತಾರೆ. ದನದ ಹೆಸರೆತ್ತಿದೊಡನೆ, ಆ ವಾರ ಕರುವನ್ನು ಬಳಿದು ತೊಳೆದ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ಒಬ್ಬ ಹೆಂಗಸಿನ ತಲೆಯಿಂದ ಇಳಿಸಿದ್ದನ್ನು ಇನ್ನೊಬ್ಬಳ ತಲೆಗೆ ಏರಿಸಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಆ ಕೆಲಸ ಊರಿನಲ್ಲೇ ಚೆನ್ನಾಗಿ ನಡೆಯುತ್ತದೆ.

ಮೊರಿಯೋಕ: ಕಲ್ಲಿನ ಮುಂದೆ

ಹೊರಡುವ ದಿನ ಬೆಳಿಗ್ಗೆ ಹಿಮ ಬಿತ್ತು. ಬೈಲಕುಪ್ಪೆಯ ಸ್ವೆಟರ್ ಮರ್ಯಾದೆ ಉಳಿಸಿತು. ಪ್ರಯೋಗಾಲಯದವರೆಲ್ಲ ಕಪ್ಪು ಬಟ್ಟೆ ತೊಟ್ಟು ಕಟ್ಟಡದ ಹಿಂದಕ್ಕೆ ನಡೆಯುತ್ತಿದ್ದರು. ಯಾರು ತೀರಿಕೊಂಡರೆಂದು ಕೇಳಿದೆ. “ಇಲಿಗಳು” ಎಂದರು ಕುಡೊ.

ಹಿಂಬದಿಯ ಅಂಗಳದಲ್ಲಿ ಒಂದು ಕಲ್ಲು. ಪ್ರಯೋಗಗಳಲ್ಲಿ ಸತ್ತ ಪ್ರಾಣಿಗಳಿಗೆ ವರ್ಷಕ್ಕೊಮ್ಮೆ ಅಲ್ಲಿ ಎಲ್ಲರೂ ಹೂವಿಟ್ಟು ಬಗ್ಗುತ್ತಾರೆ. ಅಂದು ಯಂತ್ರಗಳಿಗೆ ಬಿಡುವು. ನಮ್ಮಲ್ಲಿ ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಬಳಕಾಯಿ ಒಡೆಯುತ್ತೇವೆ, ಇಲಿಯನ್ನು ಕೇಳುವವರಿಲ್ಲ.

“ವೈರಸ್ಸುಗಳಿಗೂ ಸೇರಿಸಿಯೇ?” ಎಂದು ಕೇಳಿದೆ.

“ಅದಕ್ಕೆ ಜೀವವಿದೆಯೇ ಇಲ್ಲವೇ ಎಂಬುದರಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ಜಗಳವೇಕೆಂದು ಅದಕ್ಕೂ ಸೇರಿಸಿಯೇ ಬಗ್ಗುತ್ತೇವೆ.”

ನನ್ನ ಸರದಿ ಬಂತು. ಕುಡೊ ನನ್ನ ಕೈಗೆ ಒಂದು ಬಿಳಿ ಸೇವಂತಿಗೆ ಕೊಟ್ಟು, “ನೀವು ಬೇರೆ ಯಾರಿಗಾದರೂ ಇಡಬಹುದು” ಎಂದರು. “ಆ ಮಗುವಿನ ಹೆಸರೇನು? ನಮ್ಮಲ್ಲಿರುವುದು ಸಂಖ್ಯೆ ಮಾತ್ರ.”

“ಚಂದನ.”

ಅವರು ನಿಧಾನವಾಗಿ ಹೇಳಿ ನೋಡಿದರು. ಅರ್ಥ ಕೇಳಿದರು. ಶ್ರೀಗಂಧದ ಮರ ಎಂದೆ. ಅವರು ಕಲ್ಲಿನ ಮುಂದೆ ಹೊಗೆಯಾಡುತ್ತಿದ್ದ ಊದುಕಡ್ಡಿಯ ಕಡೆ ಕೈ ತೋರಿಸಿ, “ಇದು ಅದೇ” ಎಂದರು.

ನನಗೆ ಅದುವರೆಗೆ ಆ ವಾಸನೆ ತಾಗಿರಲಿಲ್ಲ. ಮನೆಯ ವಾಸನೆ ಮೂಗಿಗೆ ಬೇಗ ಗೊತ್ತಾಗುವುದಿಲ್ಲ. ಹೂವಿಟ್ಟೆ. ಎಷ್ಟು ಹೊತ್ತು ಬಗ್ಗಬೇಕೆಂದು ತಿಳಿಯದೆ, ಪಕ್ಕದವರು ಏಳುವವರೆಗೆ ಬಗ್ಗಿಯೇ ಇದ್ದೆ. ಅವರು ನಾನು ಏಳಲೆಂದು ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು. ಒಟ್ಟಿನಲ್ಲಿ ಚಂದನಳಿಗೆ ಸಾಕಷ್ಟು ದೀರ್ಘವಾದ ನಮಸ್ಕಾರ ಸಂದಿತು.

ಕಟ್ಟೆಮಳಲವಾಡಿ

ಬಂದ ಮರುದಿನವೇ ಹೋದೆ. ಮನೆಯ ಒಂದು ಬದಿಯಲ್ಲಿ ಜನ, ತಗ್ಗಾದ ಇನ್ನೊಂದು ಬದಿಯಲ್ಲಿ ದನ. ಆ ಕರು ಈಗ ದಷ್ಟಪುಷ್ಟ ಪಡ್ಡೆಯಾಗಿ, ನನ್ನನ್ನು ಯಾವ ಅಪರಾಧವೂ ಇಲ್ಲದ ಕಣ್ಣಿನಿಂದ ನೋಡುತ್ತಿತ್ತು. ಭಾಗ್ಯ ಕಾಫಿ ತಂದಿಟ್ಟು ಕಂಬದ ಪಕ್ಕ ಕೂತಳು.

“ಏನಂದ್ರು ಜಪಾನ್ನೋರು?” ಎಂದರು ಚಿಕ್ಕತಾಯಮ್ಮ.

“ಹಾಲಲ್ಲ.”

ಅವರು ಸೊಸೆಯ ಕಡೆ ನೋಡಲಿಲ್ಲ. “ಇನ್ನೆಲ್ಲಿಂದ ಬಂತಂತೆ?”

ಆ ವೈರಸ್ಸಿನಲ್ಲಿ ಸ್ವಲ್ಪ ಭಾಗ ದನದ ಕಡೆಯದು ಎಂದು ಹೇಳಿದೆ. ಇದೇ ವೈರಸ್ ಬೀಚನಹಳ್ಳಿಯಲ್ಲಿ ದನವೇ ಇಲ್ಲದ ಮನೆಯಲ್ಲೂ ಸಿಕ್ಕಿತೆಂದು ಹೇಳಿದೆ. ವಂಶ ತಿಳಿಯುತ್ತದೆ, ವಿಳಾಸ ತಿಳಿಯುವುದಿಲ್ಲ ಎಂದು ಕುಡೊ ಅವರ ಮಾತನ್ನೂ ಹೇಳಿದೆ. ಚಿಕ್ಕತಾಯಮ್ಮ ತಲೆಯಾಡಿಸಲಿಲ್ಲ.

“ನನ್ನ ಕೈಯಿಂದ್ಲೇ ಬಂತಾ ಡಾಕ್ಟ್ರೇ?”

“ಗೊತ್ತಿಲ್ಲ ತಾಯಮ್ಮ. ಅವರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗೋದಿಲ್ಲ.”

ಪಡ್ಡೆ ಮೆಲುಕು ಹಾಕುತ್ತಿತ್ತು. ಅದರ ಕಡೆ ಕೈ ತೋರಿಸಿ ನಾನು ಕೇಳಿದೆ: “ಅವತ್ತು ಕರು ನೀರು ಬೇಡ ಅಂತ ಮುಖ ತಿರುಗಿಸಲಿಲ್ಲವಾ?”

“ತಿರುಗಿಸ್ದೆ ಇರ್ತದಾ? ಬಾಯಿ ಇಡ್ಕಂಡು ಉಯ್ದೆ. ಬುಟ್ರೆ ಸತ್ತೋಯ್ತದಲ್ಲ.”

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

“ಕೂಸ್ಗೆ ಯಾರು ಅಂಗ್ಮಾಡ್ತಾರೆ ಡಾಕ್ಟ್ರೇ” ಎಂದರು. “ಕೂಸಲ್ವಾ.”

“ಬಾಯಿ ಹಿಡಿಯೋದು ಬೇಡ. ಓಆರ್‌ಎಸ್ ಪೊಟ್ಟಣ ಕದಡಿ ಒಂದು ಚಮಚ ಕೊಡಿ. ಬೇಡ ಅಂದರೆ ಸ್ವಲ್ಪ ಬಿಟ್ಟು ಇನ್ನೊಂದು ಚಮಚ. ಕಕ್ಕಿದರೆ ಸ್ವಲ್ಪ ತಡೆದು ಮತ್ತೆ ಕೊಡಿ. ಕೆಳಗೆ ಹೋದರೆ ಹೋಗಲಿ, ಕುಡಿಸೋದು ನಿಲ್ಲಿಸಬೇಡಿ. ಎದೆಹಾಲೂ ನಿಲ್ಲಿಸಬೇಡಿ. ಮುಟ್ಟುವ ಮುಂಚೆ ಕೈಗೆ ಸೋಪು. ಮಂಕಾದರೆ ಕಾಯಬೇಡಿ, ಕರಕೊಂಡು ಬನ್ನಿ.”

ಭಾಗ್ಯ ಎದ್ದು ಗೂಡಿನಲ್ಲಿದ್ದ ಒಳಲೆಯನ್ನು ತೆಗೆದಳು. ಎಸೆಯುವಷ್ಟು ಸಿಟ್ಟು ಮುಖದಲ್ಲಿತ್ತು.

“ಒಳಗಿಡು” ಎಂದರು ಚಿಕ್ಕತಾಯಮ್ಮ. “ಬೆಳ್ಳೀದು ಕಣೆ ಅದು.” ಆಮೇಲೆ ದನಿ ಇಳಿಸಿ, “ನೀನೇ ಕುಡ್ಸು ಬುಡು. ನಾನೇನೂ ಅನ್ನಾಕಿಲ್ಲ” ಎಂದರು. ನನ್ನ ಕಾಫಿ ಆರಿತ್ತು. ಲೋಟ ಕೆಳಗಿಟ್ಟು, ಇನ್ನೊಂದು ಲೋಟ ಬೇಡವೆಂದು ಕೈ ಅಡ್ಡ ಹಿಡಿದೆ. ಬಿಟ್ಟರು.

ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಗಳಿಗೆಯಲ್ಲೇ ತಾಯಿಯ ಎದೆಗೆ ಹಾಕಿದರು. ಪಡ್ಡೆಯನ್ನು ಹಿತ್ತಿಲ ಕೊಟ್ಟಿಗೆಗೆ ಸಾಗಿಸಿದರು. ಮುಂದಿನ ಚಳಿಗಾಲದಲ್ಲಿ ಕೂಸಿಗೆ ಭೇದಿಯಾಯಿತು. ಭಾಗ್ಯ ಹಾಲು ಕೊಟ್ಟಳು, ಅಜ್ಜಿ ಒಳಲೆಯನ್ನು ಕುದಿಸಿ ಅದರಲ್ಲಿ ಓಆರ್‌ಎಸ್ ಕುಡಿಸಿದರು. ಭೇದಿ ಕೆಲವು ದಿನ ಇತ್ತು. ಆಮೇಲೆ ನಿಂತಿತು.